ನಕ್ಷೆಯ ಗೆರೆ ಬೇರೆ, ಚಂಡಮಾರುತ ಬೇರೆ

ಇವತ್ತಿನ ಮಾತು ಮುಖ್ಯವಾಗಿ ನಮ್ಮ ಮಕ್ಕಳ ವಯಸ್ಸಿನವರಿಗೆ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ, ಊರಿನಿಂದ ಅಜ್ಜಿಯ ಫೋನು ಬಂದರೆ ತಡವರಿಸಿಕೊಂಡಾದರೂ ಕನ್ನಡಕ್ಕೆ ತಿರುಗುವ ನಿಮಗೆ. ವಿಷಯ ಚಂಡಮಾರುತ. ದೂರದ ಸಮುದ್ರದಲ್ಲಿ ಹುಟ್ಟಿ ನಮ್ಮ ಕಡೆಗೆ ಬರುವ ಬಿರುಗಾಳಿಯನ್ನು ಮನೆಯಲ್ಲಿ ಕೂತು ಹೇಗೆ ಗಮನಿಸಬೇಕು, ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎನ್ನುವುದು.

ಮೊದಲೇ ಹೇಳಿಬಿಡುತ್ತೇನೆ, ನಾನು ಹವಾಮಾನ ಶಾಸ್ತ್ರ ಓದಿದವಳಲ್ಲ. ಓದಿದ್ದು ಕನ್ನಡ ಎಂ.ಎ. ಇರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. ಮನೆ ನೋಡಿಕೊಳ್ಳುತ್ತೇನೆ, ಭಾನುವಾರ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿಸುತ್ತೇನೆ. ಆದರೆ ಮಳೆಯ ಹುಚ್ಚು ಮಾತ್ರ ಚಿಕ್ಕಂದಿನಿಂದ ಬಂದದ್ದು. ನಮ್ಮಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ರೈಟರ್ ಅಂದರೆ ಕತೆಗಾರರಲ್ಲ, ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು. ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, "ಎರಡು ಇಂಚು ನಲವತ್ತು ಸೆಂಟು" ಎಂದು ಪುಸ್ತಕದಲ್ಲಿ ಬರೆಯುವುದು ಅವರ ಮೊದಲ ಕೆಲಸ. ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಪಾಲು.

ಇಲ್ಲಿಗೆ ಬಂದ ಮೇಲೆ ನಾನೂ ಹಿತ್ತಲಿನಲ್ಲಿ ಒಂದು ಮಳೆಮಾಪಕ ನೆಟ್ಟೆ. ಅಮೆರಿಕದಲ್ಲಿ ಕೊಕೊರಾಸ್ ಎಂಬ ಸ್ವಯಂಸೇವಕರ ಬಳಗ ಇದೆ. 1997ರಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್ ಊರಿನಲ್ಲಿ ದಿಢೀರ್ ಪ್ರವಾಹ ಬಂದಿತ್ತು. ಒಂದೇ ಊರಿನಲ್ಲಿ ಎಲ್ಲೆಲ್ಲಿ ಎಷ್ಟು ಮಳೆಯಾಗುತ್ತಿದೆ ಎಂದು ತಿಳಿಯಬೇಕಾದರೆ ಮನೆಮನೆಯಲ್ಲೂ ಅಳೆಯುವವರು ಬೇಕು ಎಂದು ಮರುವರ್ಷ ಇದು ಶುರುವಾಯಿತು. ನಾವು ದಿನಾ ಬೆಳಿಗ್ಗೆ ಅಳೆದು ಕಳಿಸುವ ಲೆಕ್ಕವನ್ನು ಸರಕಾರದ ಹವಾಮಾನ ಕಚೇರಿಯವರೂ ಬಳಸುತ್ತಾರೆ. ಅಲ್ಲೂ ಅಳತೆ ಇಂಚಿನ ನೂರನೇ ಒಂದು ಪಾಲಿನವರೆಗೆ. ಅಪ್ಪನ ಸೆಂಟಿನ ಲೆಕ್ಕವೇ! ನಮ್ಮ ಮನೆಯಲ್ಲಿ ಇದಕ್ಕೆ "ಅಮ್ಮನ ಹವಾಮಾನ ಇಲಾಖೆ" ಎಂದು ಹೆಸರು.

ಈ ಇಲಾಖೆ 2022ರಲ್ಲಿ ಒಂದು ದೊಡ್ಡ ತಪ್ಪು ಮಾಡಿತು. ಆ ತಪ್ಪನ್ನು ಹೇಳುವುದಕ್ಕಾಗಿಯೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ಚಂಡಮಾರುತ ಎಂದರೆ ಏನು?

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ಅಟ್ಲಾಂಟಿಕ್ ಸಮುದ್ರದಲ್ಲಿ ಹರಿಕೇನ್, ಚೀನಾ ಜಪಾನ್ ಕಡೆ ಟೈಫೂನ್, ನಮ್ಮ ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್. ಮೂರೂ ಒಂದೇ ಪ್ರಾಣಿ. ಸೈಕ್ಲೋನ್ ಎಂಬ ಇಂಗ್ಲಿಷ್ ಪದ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ ಎಂದರೆ ನಂಬುತ್ತೀರಾ? 1840ರ ದಶಕದಲ್ಲಿ ಅಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಅಧಿಕಾರಿ, ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದದಿಂದ ಈ ಹೆಸರು ಕಟ್ಟಿದ. ಕನ್ನಡದ ಚಂಡಮಾರುತ ಇನ್ನೂ ನೇರ: ಚಂಡ ಎಂದರೆ ಉಗ್ರ, ಮಾರುತ ಎಂದರೆ ಗಾಳಿ.

ಈ ಗಾಳಿಗೆ ಇಂಧನ ಬಿಸಿ ಸಮುದ್ರ. ನೀರಿನ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿರಬೇಕು. ಬಿಸಿ ನೀರು ಆವಿಯಾಗಿ ಮೇಲೇರುತ್ತದೆ, ಮೇಲೆ ಹೋಗಿ ತಣಿದು ಮೋಡವಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖದಿಂದ ಗಾಳಿ ಇನ್ನಷ್ಟು ಮೇಲೇರುತ್ತದೆ, ಕೆಳಗೆ ಒತ್ತಡ ಕಡಿಮೆಯಾಗುತ್ತದೆ, ಸುತ್ತಲಿನ ಗಾಳಿ ಒಳಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನುಗ್ಗುವ ಗಾಳಿ ನೇರ ಬರದೆ ಸುತ್ತತೊಡಗುತ್ತದೆ. ಮೇಲಿನ ಪದರದ ಗಾಳಿ ಜೋರಾಗಿ ಬೇರೆ ದಿಕ್ಕಿಗೆ ಬೀಸುತ್ತಿದ್ದರೆ ಈ ಗೋಪುರ ವಾಲಿ ಮುರಿದುಬೀಳುತ್ತದೆ, ಇಲ್ಲದಿದ್ದರೆ ಬೆಳೆಯುತ್ತದೆ.

ಸುತ್ತುವ ದಿಕ್ಕನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ದೇವಸ್ಥಾನದಲ್ಲಿ ನಾವು ಪ್ರದಕ್ಷಿಣೆ ಬರುತ್ತೇವಲ್ಲ, ಉತ್ತರ ಗೋಳಾರ್ಧದ ಚಂಡಮಾರುತ ಅದಕ್ಕೆ ಸರಿಯಾಗಿ ಉಲ್ಟಾ, ಅಪ್ರದಕ್ಷಿಣೆ. ಆಸ್ಟ್ರೇಲಿಯಾದಲ್ಲಿ ಕೂತು ಕೇಳುತ್ತಿರುವ ಮಕ್ಕಳೇ, ನಿಮ್ಮ ಕಡೆಯದು ಮಾತ್ರ ಪ್ರದಕ್ಷಿಣೆ.

ಗೊಂಬೆ ಹಬ್ಬಕ್ಕೆ ಬಂದ ಅತಿಥಿ

ಈಗ ಕತೆಗೆ ಬರೋಣ. 2022ರ ಸೆಪ್ಟೆಂಬರ್ 23, ಶುಕ್ರವಾರ. ಕೆರಿಬಿಯನ್ ಸಮುದ್ರದಲ್ಲಿ ಒಂದು ವಾಯುಭಾರ ಕುಸಿತ ಗಟ್ಟಿಯಾಯಿತು. ಆ ರಾತ್ರಿಯೇ ಅದಕ್ಕೆ ಇಯಾನ್ ಎಂದು ಹೆಸರು ಬಿತ್ತು. ಅದಕ್ಕೂ ಮುಂಚಿನ ದಿನಗಳಿಂದ ನಾನು ಅದನ್ನು ನೋಡುತ್ತಿದ್ದೆ. ಮಯಾಮಿಯಲ್ಲಿ ರಾಷ್ಟ್ರೀಯ ಹರಿಕೇನ್ ಕೇಂದ್ರ ಇದೆ. ಅವರು ಸಮುದ್ರದ ನಕ್ಷೆಯ ಮೇಲೆ ಬಣ್ಣ ಬಳಿಯುತ್ತಾರೆ. ಅಲ್ಲಿ ಚಂಡಮಾರುತ ಹುಟ್ಟುವ ಸಾಧ್ಯತೆ ನೂರಕ್ಕೆ 40ಕ್ಕಿಂತ ಕಡಿಮೆ ಇದ್ದರೆ ಹಳದಿ, 40ರಿಂದ 60 ಆದರೆ ಕಿತ್ತಳೆ, ಅದಕ್ಕೂ ಮೇಲೆ ಕೆಂಪು. ನಮ್ಮದು ಹಳದಿಯಿಂದ ಕೆಂಪಿಗೆ ಬಂದಿತ್ತು.

ಆ ವರ್ಷ ಸೆಪ್ಟೆಂಬರ್ 25 ಮಹಾಲಯ ಅಮಾವಾಸ್ಯೆ, 26ಕ್ಕೆ ನವರಾತ್ರಿ ಶುರು. ಮನೆಯಲ್ಲಿ ಗೊಂಬೆ ಕೂರಿಸಲು ಮೆಟ್ಟಿಲು ಜೋಡಿಸುತ್ತಿದ್ದೆ. ಒಂದು ಕೈಯಲ್ಲಿ ಪಟ್ಟದ ಗೊಂಬೆ, ಇನ್ನೊಂದು ಕೈಯಲ್ಲಿ ಫೋನು. ಹರಿಕೇನ್ ಕೇಂದ್ರದ ಪ್ರಕಟಣೆ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5 ಮತ್ತು 11ಕ್ಕೆ, ಮತ್ತೆ ಸಂಜೆ 5 ಮತ್ತು ರಾತ್ರಿ 11ಕ್ಕೆ ಬರುತ್ತದೆ. ಗಾಳಿ ದಡದ ಹತ್ತಿರ ಬಂದಾಗ ನಡುವೆ 2ಕ್ಕೆ, 8ಕ್ಕೆ ಕೂಡ. ಆ ನಾಲ್ಕು ದಿನ ನಮ್ಮ ಮನೆಯ ಊಟ ತಿಂಡಿ ಎಲ್ಲ ಇದೇ ಹೊತ್ತಿಗೆ ನಡೆಯಿತು.

ಸೋಮವಾರದ ಹೊತ್ತಿಗೆ ನಕ್ಷೆಯ ನಡುಗೆರೆ ಟ್ಯಾಂಪಾ ಕೊಲ್ಲಿಯ ಹತ್ತಿರಕ್ಕೆ ಬಂದಿತ್ತು. ಟ್ಯಾಂಪಾದ ಜನ ಇದಕ್ಕೆ ಬಹಳ ಹೆದರುತ್ತಾರೆ. 1921ರ ನಂತರ ಯಾವ ದೊಡ್ಡ ಹರಿಕೇನೂ ನೇರವಾಗಿ ಈ ಕೊಲ್ಲಿಯ ಮೇಲೆ ಬಂದಿಲ್ಲ. ಆಗಿನಿಂದ ಈ ದಡದಲ್ಲಿ ಲಕ್ಷಾಂತರ ಮನೆಗಳು ಎದ್ದಿವೆ. ತಗ್ಗು ಪ್ರದೇಶದವರು ಮನೆ ಬಿಡಬೇಕು ಎಂದು ಆದೇಶ ಬಂತು. ನಾವಿರುವುದು ಎರಡನೆಯ ವಲಯ. ನಮಗೆ ಕಡ್ಡಾಯ ಇರಲಿಲ್ಲ, ಆದರೂ ಹೊರಟೆವು. ಕೂರಿಸಿದ ದಿನವೇ ಗೊಂಬೆಗಳನ್ನೆಲ್ಲ ಹಳೇ ಸೀರೆಯಲ್ಲಿ ಸುತ್ತಿ ಮೇಲಿನ ಕಪಾಟಿಗೆ ಏರಿಸಿದೆ. ಪಟ್ಟದ ಗೊಂಬೆ ಜೋಡಿ ಮಾತ್ರ ಜೊತೆಗೆ ಕಾರಿನಲ್ಲಿ.

ಅಷ್ಟರಲ್ಲಿ ಫೋರ್ಟ್ ಮಯರ್ಸ್‌ನಿಂದ ಗೆಳತಿಯ ಫೋನು. ನಮ್ಮಿಂದ ದಕ್ಷಿಣಕ್ಕೆ ಎರಡು ಗಂಟೆಯ ದಾರಿ. "ಅಕ್ಕಾ, ಎಲ್ಲಿಗೂ ಹೋಗ್ಬೇಡಿ, ಇಲ್ಲಿಗೇ ಬಂದ್ಬಿಡಿ. ಗೊಂಬೆ ಇಲ್ಲೇ ಕೂರಿಸೋಣ" ಎಂದಳು. ಆಮೇಲೆ ಸ್ವಲ್ಪ ಅಳುಕಿನಿಂದ, "ನಮಗೇನೂ ಆಗಲ್ಲ ಅಲ್ವಾ ಅಕ್ಕಾ? ನೀವು ಇದೆಲ್ಲ ನೋಡ್ತಿರ್ತೀರಿ" ಎಂದು ಕೇಳಿದಳು.

ನಾನು ನಕ್ಷೆ ನೋಡಿದೆ. ಅವಳ ಊರು ಬಿಳಿಯ ಶಂಕುವಿನ ಅಂಚಿನಲ್ಲಿತ್ತು, ಗೆರೆ ದೂರದಲ್ಲಿತ್ತು. "ನಿಮಗೇನಿಲ್ಲ ಕಣೆ. ಗಾಳಿ ನಮ್ಮ ಕಡೆಗೆ. ನೀವು ಆರಾಮಾಗಿ ಹಬ್ಬ ಮಾಡಿ" ಎಂದೆ.

ನಮ್ಮನೆಯವರ ಅಣ್ಣನ ಮನೆ ಆರ್ಲ್ಯಾಂಡೊದಲ್ಲಿ ಇದ್ದುದರಿಂದ ನಾವು ಅಲ್ಲಿಗೆ ಹೋದೆವು.

ಶಂಕು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಟಿವಿಯಲ್ಲಿ ತೋರಿಸುವ ಆ ಬಿಳಿಯ ಆಕಾರವನ್ನು ನೀವೆಲ್ಲ ನೋಡಿರುತ್ತೀರಿ. ಬುಡದಲ್ಲಿ ಕಿರಿದು, ಮುಂದೆ ಹೋದಂತೆ ಅಗಲ. ಮುಂದೆ ಹೋದಂತೆ ಚಂಡಮಾರುತ ದೊಡ್ಡದಾಗುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಶಂಕುವಿಗೂ ಚಂಡಮಾರುತದ ಗಾತ್ರಕ್ಕೂ ಸಂಬಂಧವೇ ಇಲ್ಲ.

ಅದನ್ನು ಬಿಡಿಸುವುದು ಹೀಗೆ. ಹರಿಕೇನ್ ಕೇಂದ್ರದವರು ಹಿಂದಿನ ಐದು ವರ್ಷಗಳಲ್ಲಿ ತಾವೇ ಮಾಡಿದ ತಪ್ಪುಗಳನ್ನು ಲೆಕ್ಕ ಹಾಕುತ್ತಾರೆ. ಒಂದು ದಿನ ಮುಂಚೆ ಹೇಳಿದ್ದರಲ್ಲಿ ಎಷ್ಟು ಮೈಲಿ ತಪ್ಪಿತು, ಮೂರು ದಿನ ಮುಂಚೆ ಹೇಳಿದ್ದರಲ್ಲಿ ಎಷ್ಟು, ಐದು ದಿನ ಮುಂಚೆ ಹೇಳಿದ್ದರಲ್ಲಿ ಎಷ್ಟು ಎಂದು. ಮೂರು ಸಲದಲ್ಲಿ ಎರಡು ಸಲ ಚಂಡಮಾರುತದ ಕೇಂದ್ರ ಒಳಗೆ ಬೀಳುವಷ್ಟು ದೊಡ್ಡ ವೃತ್ತ ಹಾಕಿ, ಆ ವೃತ್ತಗಳನ್ನೆಲ್ಲ ಸೇರಿಸಿದರೆ ಇಯಾನ್ ಕಾಲದಲ್ಲಿ ನಾವು ನೋಡಿದ ಶಂಕು ಸಿಗುತ್ತದೆ. 2022ರಲ್ಲಿ ಮೂರು ದಿನದ ಮುಂದಿನ ವೃತ್ತದ ಅಂಚು ಗೆರೆಯಿಂದ ಸುಮಾರು 115 ಮೈಲಿ ದೂರ ಇತ್ತು. ಟ್ಯಾಂಪಾದಿಂದ ಫೋರ್ಟ್ ಮಯರ್ಸ್‌ಗೆ ಆಕಾಶಮಾರ್ಗದಲ್ಲಿ ಸುಮಾರು 100 ಮೈಲಿ. ಅಂದರೆ ಗೆರೆ ಟ್ಯಾಂಪಾದ ಮೇಲಿದ್ದಾಗ ಗಾಳಿ ಫೋರ್ಟ್ ಮಯರ್ಸ್‌ಗೆ ಹೋಗುವುದು ಪವಾಡವಲ್ಲ, ಮಾಮೂಲಿ ತಪ್ಪಿನ ಅಳತೆಯೊಳಗೇ ಬರುವ ಮಾತು.

ಇನ್ನೂ ಒಂದು. ಮೂರರಲ್ಲಿ ಎರಡು ಸಲ ಒಳಗೆ ಎಂದರೆ ಮೂರರಲ್ಲಿ ಒಂದು ಸಲ ಕೇಂದ್ರವೇ ಶಂಕುವಿನಿಂದ ಆಚೆ ಹೋಗಬಹುದು ಎಂದಾಯಿತು. ಅದೂ ಕೇಂದ್ರದ ಮಾತು ಮಾತ್ರ. ಗಾಳಿ, ಮಳೆ, ಸಮುದ್ರದ ಉಬ್ಬರ ಕೇಂದ್ರದಿಂದ ನೂರಾರು ಮೈಲಿ ಹರಡಿರುತ್ತವೆ. ಶಂಕುವಿನ ಅಂಚನ್ನು ನಾನು ಲಕ್ಷ್ಮಣರೇಖೆ ಎಂದು ಭಾವಿಸಿದ್ದೆ. ಅದು ಪೆನ್ಸಿಲ್ ಗೀಟು ಅಷ್ಟೆ.

ಓರೆಯಾಗಿ ಬರುವ ಗಾಳಿ

ಇಯಾನ್ ವಿಷಯದಲ್ಲಿ ಇನ್ನೊಂದು ತೊಡಕು ಇತ್ತು. ಒಂದು ಉದ್ದದ ಕಾಂಪೌಂಡ್ ಗೋಡೆಯನ್ನು ಊಹಿಸಿಕೊಳ್ಳಿ. ನೀವು ಎದುರಿನಿಂದ ನೇರವಾಗಿ ಗೋಡೆಯ ಕಡೆ ನಡೆದರೆ, ಸ್ವಲ್ಪ ಎಡಕ್ಕೆ ಬಲಕ್ಕೆ ವಾಲಿದರೂ ಗೋಡೆ ಮುಟ್ಟುವ ಜಾಗ ಒಂದೆರಡು ಹೆಜ್ಜೆ ಬದಲಾಗಬಹುದು. ಆದರೆ ಗೋಡೆಯ ಪಕ್ಕದಲ್ಲೇ, ಅದರ ಉದ್ದಕ್ಕೆ ನಡೆಯುತ್ತಿದ್ದರೆ? ಒಂದಿಷ್ಟು ವಾಲಿದರೂ ಸಾಕು, ಮುಟ್ಟುವ ಜಾಗ ಐವತ್ತು ಹೆಜ್ಜೆ ಹಿಂದೆ ಮುಂದೆ ಆಗಿಬಿಡುತ್ತದೆ. ಫ್ಲೋರಿಡಾದ ಪಶ್ಚಿಮ ಕರಾವಳಿ ಆ ಗೋಡೆ. ಕ್ಯೂಬಾದ ಕಡೆಯಿಂದ ಉತ್ತರಕ್ಕೆ ಬರುವ ಗಾಳಿ ಅದರ ಉದ್ದಕ್ಕೆ ನಡೆಯುತ್ತದೆ. ನಮ್ಮ ಕರ್ನಾಟಕದ ಕರಾವಳಿಗೂ ಇದು ಹೊಸತಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಮಂಗಳೂರು, ಉಡುಪಿ, ಕಾರವಾರದ ಪಕ್ಕದಲ್ಲೇ ಸಮುದ್ರದಲ್ಲಿ ಸಾಗಿ, ದಾರಿಯುದ್ದಕ್ಕೂ ದಡ ಕೊರೆದು, ಕೊನೆಗೆ ನೆಲ ಹೊಕ್ಕಿದ್ದು ಗುಜರಾತಿನಲ್ಲಿ.

ಫ್ಲೋರಿಡಾದಲ್ಲಿ ಈ ಓರೆದಾರಿಯ ಪಾಠ ಹಿಂದೆಯೂ ಆಗಿತ್ತು. 2004ರ ಆಗಸ್ಟ್ 13ರಂದು ಚಾರ್ಲಿ ಎಂಬ ಹರಿಕೇನ್ ಟ್ಯಾಂಪಾಕ್ಕೆ ಎಂದು ಹೊರಟು, ಮೊದಲೇ ಬಲಕ್ಕೆ ತಿರುಗಿ ಫೋರ್ಟ್ ಮಯರ್ಸ್ ಬಳಿಯ ಕಾಯೊ ಕೋಸ್ಟಾ ದ್ವೀಪದಲ್ಲಿ ನೆಲ ಹತ್ತಿತ್ತು. ನಾನು ಆಗ ಇಲ್ಲಿರಲಿಲ್ಲ. ಇದ್ದವರ ಬಾಯಲ್ಲಿ ಕೇಳಿದ್ದೆ, ಕೇಳಿಯೂ ಮರೆತಿದ್ದೆ.

ಗಣಕ ಮಾದರಿಗಳೂ ಈ ಸಲ ಒಂದೇ ಮಾತು ಹೇಳುತ್ತಿರಲಿಲ್ಲ. ಬೇರೆ ಬೇರೆ ಮಾದರಿಗಳ ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಹಾಕುತ್ತಾರೆ. ಇಲ್ಲಿಯವರು ಅದನ್ನು ಸ್ಪಗೆಟಿ ಎನ್ನುತ್ತಾರೆ, ನನ್ನ ಮಗಳು "ಅಮ್ಮನ ಶಾವಿಗೆ" ಎನ್ನುತ್ತಾಳೆ. ಅಮೆರಿಕದ ಮಾದರಿ ಹಲವು ದಿನ ಇಯಾನನ್ನು ಪಶ್ಚಿಮಕ್ಕೆ, ಫ್ಲೋರಿಡಾದ ಬಾಲದ ಕಡೆಗೆ ಕಳಿಸುತ್ತಿತ್ತು. ಯುರೋಪಿನ ಮಾದರಿ ಪೂರ್ವಕ್ಕೆ ಎಳೆಯುತ್ತಿತ್ತು. ಅಮೆರಿಕದ ಮೇಲೆ ಇಳಿದು ಬರುತ್ತಿದ್ದ ತಣ್ಣನೆಯ ಗಾಳಿಯ ಕಣಿವೆ ಇಯಾನನ್ನು ಯಾವಾಗ, ಎಷ್ಟು ಬಲವಾಗಿ ಹಿಡಿದು ಬಲಕ್ಕೆ ತಿರುಗಿಸುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಶಾವಿಗೆ ಎಳೆಗಳು ಹೀಗೆ ದೂರ ದೂರ ಬಿದ್ದಿದ್ದರೆ ಅದೇ ಒಂದು ಸುದ್ದಿ. "ನಮಗೆ ಇನ್ನೂ ಖಚಿತವಿಲ್ಲ" ಎನ್ನುವ ಸುದ್ದಿ. ನಾನು ನನಗೆ ಬೇಕಾದ ಎಳೆಯನ್ನು ಮಾತ್ರ ಹಿಡಿದುಕೊಂಡೆ.

ಇಲ್ಲಿ ಮಾದರಿಗಳಿಗೆ ಕಣ್ಣಾಗುವುದು ವಿಮಾನಗಳು. ನಮ್ಮ ಮನೆಯಿಂದ ಒಂದು ಗಂಟೆ ದೂರದ ಲೇಕ್‌ಲ್ಯಾಂಡ್ ವಿಮಾನ ನಿಲ್ದಾಣದಲ್ಲಿ ನೋವಾ ಸಂಸ್ಥೆಯ ಎರಡು ಹಳೆಯ ವಿಮಾನಗಳಿವೆ. ಹೆಸರು ಕರ್ಮಿಟ್ ಮತ್ತು ಮಿಸ್ ಪಿಗ್ಗಿ, ಹೌದು, ಮಪೆಟ್ ಗೊಂಬೆಗಳ ಹೆಸರೇ. ಇವು ಚಂಡಮಾರುತದ ಹೊಟ್ಟೆಯೊಳಗೇ ಹಾರಿ, ಪ್ಯಾರಾಷೂಟ್ ಕಟ್ಟಿದ ಸಣ್ಣ ಕೊಳವೆಗಳನ್ನು ಕೆಳಗೆ ಬಿಡುತ್ತವೆ. ಅವು ಬೀಳುತ್ತ ಬೀಳುತ್ತ ಒತ್ತಡ, ಗಾಳಿ, ತೇವ, ಉಷ್ಣತೆ ಅಳೆದು ಕಳಿಸುತ್ತವೆ.

ಮಂಗಳವಾರ

ಸೆಪ್ಟೆಂಬರ್ 27, ಮಂಗಳವಾರ ಬೆಳಗಿನ ಜಾವ ಇಯಾನ್ ಕ್ಯೂಬಾದ ಪಶ್ಚಿಮ ತುದಿಯನ್ನು ಹಾದು ಮತ್ತೆ ಸಮುದ್ರಕ್ಕೆ ಬಂತು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದು ಪ್ರಕಟಣೆಯಲ್ಲೂ ಗೆರೆ ದಕ್ಷಿಣಕ್ಕೆ ಜಾರುತ್ತ ಹೋಯಿತು. ಆರ್ಲ್ಯಾಂಡೊದ ಸೋಫಾದ ಮೇಲೆ ಕೂತು ನೋಡುತ್ತಿದ್ದ ನನಗೆ ಒಂದು ಕ್ಷಣ ಸಮಾಧಾನ ಆಯಿತು: ನಮ್ಮ ಮನೆ ಉಳಿಯಿತು ಎಂದು. ಮರುಕ್ಷಣ ಹೊಟ್ಟೆಯಲ್ಲಿ ತಣ್ಣಗಾಯಿತು. ಗೆಳತಿಗೆ ಫೋನು ಮಾಡಿದೆ.

"ಹೊರಡಿ, ಈಗಲೇ ಹೊರಡಿ" ಎಂದೆ.

"ನೀವೇ ಹೇಳಿದ್ರಲ್ಲ ಅಕ್ಕಾ, ಏನೂ ಇಲ್ಲ ಅಂತ. ಅತ್ತೆ ಮಾವ ಊರಿಂದ ಬಂದಿದ್ದಾರೆ, ಮಾವನಿಗೆ ಕಾರಲ್ಲಿ ತುಂಬಾ ಹೊತ್ತು ಕೂರಕ್ಕಾಗಲ್ಲ. ಕಿಟಕಿಗೆ ಹಲಗೆ ಹೊಡೆಸಿದ್ದೀವಿ, ಇಲ್ಲೇ ಇರ್ತೀವಿ" ಎಂದಳು.

ಅವಳಿಗೆ ನಾನು ತಪ್ಪು ದಾರಿ ಮಾತ್ರ ಹೇಳಿರಲಿಲ್ಲ, ತಪ್ಪು ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ ಎಂದು ಆಗ ಹೊಳೆಯಿತು. ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಿದ್ದೆ. ಕೇಳಬೇಕಾಗಿದ್ದದ್ದು "ನಿಮ್ಮ ಮನೆಗೆ ನೀರು ಬರುತ್ತದಾ?" ಎಂದು. ಸಮುದ್ರ ಉಕ್ಕುವ ಎಚ್ಚರಿಕೆ ಗೆರೆ ದಕ್ಷಿಣಕ್ಕೆ ಬರುವ ಮುಂಚೆಯೇ, ಸೋಮವಾರವೇ, ಅವಳ ಕರಾವಳಿಗೂ ಹೊರಟಿತ್ತು. ಅದು ಬೇರೆ ನಕ್ಷೆಯಲ್ಲಿತ್ತು. ನಾನು ಆ ನಕ್ಷೆ ತೆರೆದೇ ಇರಲಿಲ್ಲ.

ಕೊನೆಗೆ ಮಾವನೇ ಒಪ್ಪಿದರಂತೆ. ರಾತ್ರಿ ಮಳೆಯಲ್ಲಿ ಐವರೂ ಹೊರಟು ಪೂರ್ವ ಕರಾವಳಿಯ ಪರಿಚಿತರ ಮನೆ ಸೇರಿದರು.

ಬುಧವಾರ, ಸೆಪ್ಟೆಂಬರ್ 28, ಮಧ್ಯಾಹ್ನ 3 ಗಂಟೆ 5 ನಿಮಿಷಕ್ಕೆ ಇಯಾನ್ ನೆಲ ಹತ್ತಿತು. ಜಾಗ ಅದೇ ಕಾಯೊ ಕೋಸ್ಟಾ, 18 ವರ್ಷದ ಹಿಂದೆ ಚಾರ್ಲಿ ಬಂದದ್ದು. ಗಾಳಿಯ ವೇಗವೂ ಅದೇ, ಗಂಟೆಗೆ 150 ಮೈಲಿ. ಆದರೆ ಇಯಾನ್ ಚಾರ್ಲಿಗಿಂತ ಬಹಳ ದೊಡ್ಡದು, ನಿಧಾನವಾದದ್ದು. ಫೋರ್ಟ್ ಮಯರ್ಸ್ ಬೀಚ್‌ನಲ್ಲಿ ಸಮುದ್ರ 10ರಿಂದ 15 ಅಡಿ ಉಕ್ಕಿತು. ಇಯಾನ್‌ನಿಂದ ಒಟ್ಟು 150ಕ್ಕೂ ಹೆಚ್ಚು ಜನ ಸತ್ತರು. ಗಾಳಿ ಮಳೆಗೆ ನೇರವಾಗಿ ಬಲಿಯಾದವರಲ್ಲಿ ಹೆಚ್ಚಿನವರನ್ನು ಕೊಂದದ್ದು ಉಕ್ಕಿಬಂದ ಸಮುದ್ರದ ನೀರು.

ಗೆಳತಿಯ ಮನೆ ದಡದಿಂದ ಮೂರು ಮೈಲಿ ಒಳಗೆ. ವಾಪಸು ಹೋಗಿ ನೋಡಿದಾಗ ಅಡುಗೆಮನೆ ಕಟ್ಟೆಗಿಂತ ಮೇಲೆ, ಗೋಡೆಯ ಮೇಲೆ ಕೆಸರಿನ ಒಂದು ಗೆರೆ ಇತ್ತು. ಅವಳು ಅದರ ಫೋಟೋ ಕಳಿಸಿದಳು. ಏನೂ ಬರೆದಿರಲಿಲ್ಲ. ಆ ಮನೆಯಲ್ಲಿ ಮಾವ ಮಲಗುತ್ತಿದ್ದ ಕೋಣೆ ಕೆಳಗಿನದು.

ಒಂದೇ ಗಾಳಿ: ಅಲ್ಲಿ ಉಕ್ಕಿತು, ಇಲ್ಲಿ ಬತ್ತಿತು

ಅದೇ ಹೊತ್ತಿಗೆ ಟ್ಯಾಂಪಾದಲ್ಲಿ ಏನಾಯಿತು ಗೊತ್ತೆ? ಕೊಲ್ಲಿಯ ನೀರು ಹಿಂದಕ್ಕೆ ಹೋಯಿತು. ದಡದಲ್ಲಿ ಕೆಸರಿನ ನೆಲ ಕಾಣಿಸಿತು, ಜನ ಇಳಿದು ನಡೆದಾಡಿದರು. ಹಾಗೆ ಇಳಿಯುವುದು ಅಪಾಯ, ಹೋದ ನೀರು ಯಾವ ಕ್ಷಣದಲ್ಲಾದರೂ ತಿರುಗಿ ಬರಬಹುದು.

ಈಗ ಅಪ್ರದಕ್ಷಿಣೆಯನ್ನು ನೆನಪು ಮಾಡಿಕೊಳ್ಳಿ. ಒಂದು ಕಾಗದದ ಮೇಲೆ ಚುಕ್ಕೆ ಇಟ್ಟು, ಅದರ ಸುತ್ತ ಅಪ್ರದಕ್ಷಿಣವಾಗಿ ಬಾಣಗಳನ್ನು ಬರೆಯಿರಿ. ಚುಕ್ಕೆಯ ದಕ್ಷಿಣಕ್ಕೆ ಬಾಣ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ. ಉತ್ತರಕ್ಕೆ ಪೂರ್ವದಿಂದ ಪಶ್ಚಿಮಕ್ಕೆ. ನಮ್ಮ ಸಮುದ್ರ ಇರುವುದು ಪಶ್ಚಿಮದಲ್ಲಿ. ಹಾಗಾಗಿ ಕೇಂದ್ರದ ದಕ್ಷಿಣಕ್ಕಿದ್ದ ಫೋರ್ಟ್ ಮಯರ್ಸ್‌ನಲ್ಲಿ ಗಾಳಿ ಸಮುದ್ರವನ್ನು ಊರೊಳಗೆ ತಳ್ಳಿತು. ಉತ್ತರಕ್ಕಿದ್ದ ಟ್ಯಾಂಪಾದಲ್ಲಿ ಕೊಲ್ಲಿಯ ನೀರನ್ನು ಆಚೆಗೆ ಗುಡಿಸಿತು. ಇದೇ ಬಾಣದ ಚಿತ್ರವನ್ನು ನೀವಿರುವ ಕರಾವಳಿಗೂ ಬರೆದು ನೋಡಬಹುದು.

ಇಷ್ಟಕ್ಕೇ ಮುಗಿಯಲಿಲ್ಲ. ಇಯಾನ್ ಒಳನಾಡಿಗೆ ನುಗ್ಗಿ ನಾವು ಸುರಕ್ಷಿತ ಎಂದು ಹೋಗಿದ್ದ ಆರ್ಲ್ಯಾಂಡೊ ಸುತ್ತಮುತ್ತ ಮಳೆ ಸುರಿಸಿತು. ಬೀದಿಗಳು ಕೆರೆಯಾದವು. ಇನ್ನೂ ಪೂರ್ವಕ್ಕೆ ಕೆಲವೆಡೆ 20 ಇಂಚಿಗಿಂತ ಹೆಚ್ಚು. ಅಪ್ಪನ ಪುಸ್ತಕದ ಲೆಕ್ಕದಲ್ಲಿ ಎರಡು ಸಾವಿರ ಸೆಂಟು, ಒಂದೇ ಗಾಳಿಗೆ!

ದೂರ ಹೋದ ಹೆಲೀನ್

ಇಯಾನ್ ಗೆರೆ ನಮ್ಮ ಮೇಲಿತ್ತು, ನಮಗೇನೂ ಆಗಲಿಲ್ಲ. ಎರಡು ವರ್ಷದ ನಂತರ ಇದರ ಉಲ್ಟಾ ನಡೆಯಿತು. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಹರಿಕೇನ್ ನಮ್ಮಿಂದ ನೂರು ಮೈಲಿಗಿಂತ ದೂರ, ಪಶ್ಚಿಮಕ್ಕೆ ಸಮುದ್ರದಲ್ಲೇ ಸಾಗಿ, ರಾತ್ರಿ ಉತ್ತರ ಫ್ಲೋರಿಡಾದ ಪೆರಿ ಊರಿನ ಬಳಿ ನೆಲ ಹತ್ತಿತು. ಗೆರೆ ನಮ್ಮ ಹತ್ತಿರವೂ ಇರಲಿಲ್ಲ. ಆದರೆ ನಾವು ಕೇಂದ್ರದ ಪೂರ್ವಕ್ಕಿದ್ದೆವು. ಬಾಣದ ಚಿತ್ರ ನೋಡಿ: ಪೂರ್ವಕ್ಕೆ ಗಾಳಿ ದಕ್ಷಿಣದಿಂದ ಉತ್ತರಕ್ಕೆ. ಅದು ಸಮುದ್ರವನ್ನು ಕೊಲ್ಲಿಯೊಳಗೆ ತುರುಕಿತು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೀರು ಮಾಮೂಲಿ ಉಬ್ಬರಕ್ಕಿಂತ ಆರು ಅಡಿಗೂ ಹೆಚ್ಚು ಏರಿತು, ಅಲ್ಲಿನ ಅಳತೆಗಳಲ್ಲಿ ಅದು ದಾಖಲೆ. ಪಕ್ಕದ ಪಿನೆಲಸ್ ಕೌಂಟಿಯೊಂದರಲ್ಲೇ ಹತ್ತಕ್ಕೂ ಹೆಚ್ಚು ಜನ ಹೋದರು. ನಮ್ಮ ಕನ್ನಡ ಶಾಲೆಯ ಒಬ್ಬ ಹುಡುಗನ ಮನೆಗೂ ನೀರು ನುಗ್ಗಿತು. ಅವರ ಮನೆಯವರು ಹೇಳಿದ ಮಾತು ನನಗೆ ಬಹಳ ಪರಿಚಯದ್ದು: "ಗಾಳಿ ಆ ಕಡೆ ಹೋಗುತ್ತೆ ಅಂದ್ಕೊಂಡಿದ್ವಿ."

ಇನ್ನು ಕ್ಯಾಟಗರಿ ಎಂಬ ಒಂದರಿಂದ ಐದರ ಲೆಕ್ಕ. ಅದು ಗಾಳಿಯ ವೇಗದ್ದು ಮಾತ್ರ. ಗಂಟೆಗೆ 74 ಮೈಲಿಗೆ ಒಂದು, 111ಕ್ಕೆ ಮೂರು, 157ಕ್ಕೆ ಐದು. ಎಷ್ಟು ನೀರು ಬರುತ್ತದೆ ಎಂದು ಅದು ಹೇಳುವುದೇ ಇಲ್ಲ. 1963ರಿಂದ 2012ರವರೆಗೆ ಅಮೆರಿಕದಲ್ಲಿ ಚಂಡಮಾರುತಗಳ ನೇರ ಹೊಡೆತಕ್ಕೆ ಸತ್ತವರ ಲೆಕ್ಕ ತೆಗೆದಾಗ, ಹತ್ತರಲ್ಲಿ ಸುಮಾರು ಒಂಬತ್ತು ಜನ ನೀರಿನಿಂದಲೇ ಸತ್ತಿದ್ದರು. ಅದರಲ್ಲಿ ಸಮುದ್ರದ ನೀರೂ ಇದೆ, ಮಳೆಯ ನೀರೂ ಇದೆ. ಇಲ್ಲಿನ ಹಿರಿಯರ ಒಂದು ಮಾತಿದೆ: ಗಾಳಿಯಿಂದ ಅಡಗಿಕೋ, ನೀರಿನಿಂದ ಓಡು.

ನಿಮ್ಮಿಂದ ಆಗಬೇಕಾದ ಕೆಲಸ

ಇದನ್ನೆಲ್ಲ ನಿಮಗೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಗಾಳಿ ಬರುವ ವಾರದಲ್ಲಿ ನಮ್ಮ ಮನೆಗಳಲ್ಲಿ ನಕ್ಷೆ ತೆರೆದು ಅರ್ಥ ಹೇಳುವವರು ಹೆಚ್ಚಾಗಿ ನೀವೇ. ಊರಿನಿಂದ ಬಂದ ಅಜ್ಜಿ ತಾತನಿಗೆ ಇಲ್ಲಿನ ಟಿವಿಯ ಮಾತು ಅರ್ಥವಾಗುವುದಿಲ್ಲ. ಅಪ್ಪ ಅಮ್ಮನ ಫೋನಿಗೆ ವಾಟ್ಸಾಪಿನಲ್ಲಿ ಹತ್ತು ದಿನದ ಮುಂದಿನ ಭಯಂಕರ ಚಿತ್ರಗಳು ಬರುತ್ತಿರುತ್ತವೆ. ಅಂಥ ಚಿತ್ರ ಹೆಚ್ಚಾಗಿ ಒಂದು ಮಾದರಿಯ ಒಂದು ಸಲದ ಲೆಕ್ಕ, ಆರು ಗಂಟೆಯಲ್ಲಿ ಬದಲಾಗುವಂಥದ್ದು. ಅದನ್ನು ಮುಂದಕ್ಕೆ ಕಳಿಸಬೇಡಿ.

ನೀವು ನೋಡಬೇಕಾದದ್ದು ಈ ಕ್ರಮದಲ್ಲಿ. ಮೊದಲು, ನಿಮ್ಮ ಮನೆ ಯಾವ ತೆರವು ವಲಯದಲ್ಲಿದೆ? ಫ್ಲೋರಿಡಾದಲ್ಲಿ ಎ, ಬಿ, ಸಿ ಎಂದು ಅಕ್ಷರ ಇರುತ್ತದೆ. ಅದು ಸಮುದ್ರದ ನೀರು ಎಲ್ಲಿಗೆ ಬರಬಹುದು ಎಂಬ ಲೆಕ್ಕದ ಮೇಲೆ ಮಾಡಿದ್ದು. ಇದನ್ನು ಗಾಳಿ ಹುಟ್ಟುವ ಮುಂಚೆ, ಬಿಸಿಲಿರುವ ದಿನ ನೋಡಿಟ್ಟುಕೊಳ್ಳಿ. ಎರಡನೆಯದು, ಸಮುದ್ರ ಉಕ್ಕುವ ಎಚ್ಚರಿಕೆ ನಿಮ್ಮ ಕರಾವಳಿಗೆ ಇದೆಯೇ? ಮೂರನೆಯದು, ಮಳೆ ಮತ್ತು ಪ್ರವಾಹದ ಎಚ್ಚರಿಕೆ. ನೀವು ಒಳನಾಡಿನಲ್ಲಿದ್ದರೂ ಇದು ನಿಮ್ಮದೇ. ಇವೆಲ್ಲ ಆದ ಮೇಲೆ ಶಂಕು ನೋಡಿ. ಗೆರೆಯನ್ನು ಕೊನೆಗೆ ನೋಡಿ, ನೋಡದಿದ್ದರೂ ನಷ್ಟವಿಲ್ಲ. ತೆರವು ಮಾಡಿ ಎಂದರೆ ಹೊರಡಿ. ಬಹಳ ಸಲ ನೂರಾರು ಮೈಲಿ ಹೋಗಬೇಕಿಲ್ಲ, ನೀರು ಬರದ ಎತ್ತರದ ಜಾಗದ ಗಟ್ಟಿ ಮನೆ ಸಾಕು.

ಕನ್ನಡ ಓದಿದವಳಾಗಿ ಇನ್ನೊಂದು ಮಾತು. ಫೋರ್‌ಕಾಸ್ಟ್ ಎಂಬುದಕ್ಕೆ ನಮ್ಮಲ್ಲಿ ಮುನ್ಸೂಚನೆ ಎನ್ನುತ್ತಾರೆ. ಒಳ್ಳೆಯ ಪದ. ಸೂಚನೆ ಎಂದರೆ ಸುಳಿವು, ಭವಿಷ್ಯವಾಣಿಯಲ್ಲ. ಹವಾಮಾನದವರು ಸುಳಿವು ಕೊಡುತ್ತಾರೆ, ಅದರ ಜೊತೆಗೆ ತಮ್ಮ ತಪ್ಪಿನ ಅಳತೆಯನ್ನೂ ಪ್ರಾಮಾಣಿಕವಾಗಿ ಬರೆದುಕೊಡುತ್ತಾರೆ. ಸುಳಿವನ್ನು ಭವಿಷ್ಯ ಮಾಡಿ "ನಿಮಗೇನಿಲ್ಲ ಕಣೆ" ಎಂದು ಹೇಳುವವರು ನನ್ನಂಥವರು. ಯಾರಿಗೂ ಹಾಗೆ ಹೇಳಬೇಡಿ. ಗೊತ್ತಿಲ್ಲದಿದ್ದರೆ "ಇನ್ನೂ ಗೊತ್ತಿಲ್ಲ, ನಿಮ್ಮ ವಲಯ ಯಾವುದು ನೋಡೋಣ" ಎನ್ನಿ.

ಹೆಲೀನ್ ಆಗಿ ಎರಡೇ ವಾರಕ್ಕೆ ಮಿಲ್ಟನ್ ಬಂತು. ಅದೂ ನವರಾತ್ರಿಯಲ್ಲೇ, ಅದೂ ಟ್ಯಾಂಪಾದ ಕಡೆಗೇ. ನಾನು ಗೊಂಬೆ ಸುತ್ತಿಡುತ್ತಿದ್ದೆ. ಕಾಲೇಜಿನಲ್ಲಿರುವ ಮಗಳು ತಾನಾಗಿಯೇ ಗೆಳತಿಗೆ ಫೋನು ಮಾಡಿ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಅವಳ ಅರೆಬರೆ ಕನ್ನಡದಲ್ಲೇ: "ಆಂಟಿ, ಲೈನ್ ನಮ್ಮ ಕಡೆ ಇದೆ, ಬಟ್ ನೀವು ಅದಕ್ಕೆ ಸೌತ್‌ನಲ್ಲಿದ್ದೀರ. ಗಾಳಿ ನೀರನ್ನ ನಿಮ್ಮ ಕಡೆ ತಳ್ಳುತ್ತೆ. ತಾತ ಅಜ್ಜಿ ಇದ್ದಾರಾ? ಬೆಳಿಗ್ಗೇನೇ ಹೊರಡಿ." ಅವರು ಬೆಳಿಗ್ಗೆಯೇ ಹೊರಟರು. 2024ರ ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ನಮ್ಮ ದಕ್ಷಿಣದ ಸಿಯೆಸ್ಟಾ ಕೀ ಬಳಿ ನೆಲ ಹತ್ತಿತು. ಟ್ಯಾಂಪಾ ಕೊಲ್ಲಿ ಮತ್ತೆ ಬತ್ತಿತು, ಫೋರ್ಟ್ ಮಯರ್ಸ್‌ಗೆ ಮತ್ತೆ ಸಮುದ್ರ ಬಂತು. ಈ ಸಲ ಅವರ ಬೀದಿಯವರೆಗೆ ಬಂದು ನಿಂತಿತು.

ಅಮ್ಮನ ಹವಾಮಾನ ಇಲಾಖೆಗೆ ಈಗ ಹೊಸ ಮುಖ್ಯಸ್ಥೆ ಬಂದಿದ್ದಾಳೆ. ನಿಮ್ಮ ಮನೆಯ ಇಲಾಖೆಯನ್ನೂ ನೀವು ಶುರು ಮಾಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮನೆಯ ವಲಯ ಯಾವುದೆಂದು ಹುಡುಕಿ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರಿಗೆ ಕನ್ನಡದಲ್ಲಿ ಹೇಳಿ. ತಪ್ಪು ಕನ್ನಡವಾದರೂ ಪರವಾಗಿಲ್ಲ.